ದೋಣಿಯ ಇಂಜಿನ್ನಿಗೆ ಕುಸುಬೆ ಎಣ್ಣೆ

ಶ್ರೀ ಸಿದ್ಧೇಶ್ವರ ಪ್ರಸನ್ನ

ಜೋರಾಪುರ ಪೇಟೆ, ವಿಜಾಪುರ
ಬುಧವಾರ, 9 ಅಕ್ಟೋಬರ್ 1946

ಚಿ. ಸೌ. ಮುರಿಗೆವ್ವಗೆ ಗುರಲಿಂಗಪ್ಪನ ಆಶೀರ್ವಾದ.

ನಾನು ಕ್ಷೇಮ. ನೀನು ಘೋಣಸಗಿಗೆ ಹೋಗಿ ಇಂದಿಗೆ ಹತ್ತೊಂಬತ್ತು ದಿನವಾಯಿತು. ನೀನು ಸುಖವಾಗಿ ಮುಟ್ಟಿದ ಸುದ್ದಿಯನ್ನು ನಿಮ್ಮಣ್ಣ ಸಿದ್ದರಾಯರು ಮರುದಿನವೇ ಕಾರ್ಡು ಹಾಕಿ ತಿಳಿಸಿದ್ದರು. ಕೆಲಸದ ಗದ್ದಲದಲ್ಲಿ ಉತ್ತರ ಬರೆಯಲಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ಸಲ ಬರೆಯಲು ಕುಳಿತೆ. ಮೂರು ಸಲವೂ ಇಂಜಿನ್ನಿನ ಸುದ್ದಿ ಬರೆದು, ನಿನ್ನ ಸುದ್ದಿಗೆ ಬಂದಾಗ ನಿಲ್ಲಿಸಿದೆ. ನಿನಗೆ ಓದಲು ಬಾರದು. ಈ ಕಾಗದವನ್ನು ಸಿದ್ದರಾಯರು ಪಡಸಾಲೆಯಲ್ಲಿ ಕೂತು ಓದುತ್ತಾರೆ, ಮನೆಯವರೆಲ್ಲ ಕೇಳುತ್ತಾರೆ. ತಡವಾದದ್ದಕ್ಕೆ ಅದೂ ಒಂದು ಕಾರಣ. ಸಿದ್ದರಾಯರೇ, ನನ್ನ ಮಾನ ಉಳಿಸಲೆಂದು ನಡುವೆ ಒಂದು ಸಾಲನ್ನೂ ಬಿಡಬೇಡಿರಿ.

ಮನೆಯಲ್ಲಿ ರೊಟ್ಟಿ ನಾನೇ ಬಡಿಯುತ್ತಿದ್ದೇನೆ. ಪಕ್ಕದ ಮನೆಯ ರುಕ್ಮವ್ವ ಮೊನ್ನೆ ಇಣುಕಿ ನೋಡಿ, ‘ಗುರಲಿಂಗಪ್ಪಾ, ರೊಟ್ಟಿ ಬಡ್ಯಾಕತ್ತೀಯೋ, ಚಕ್ಕಡಿ ಗಾಲಿ ಮಾಡಾಕತ್ತೀಯೋ?’ ಎಂದಳು. ನನಗೂ ನಗು ಬಂತು. ಆಮೇಲೆ ಆಕೆ ನಿನ್ನ ಮಾತು ತೆಗೆದಳು. ಹನ್ನೊಂದು ಮಂದಿಯನ್ನು ಹೊಳೆಪಾಲು ಮಾಡಲಿದ್ದವಳು ಇನ್ನಷ್ಟು ದಿನ ತವರಿನಲ್ಲೇ ಇದ್ದರೆ ವಾಸಿ ಎಂದಳು. ನಳದ ಹತ್ತಿರ ಹೆಂಗಸರು ನಿನಗೆ ಏನೇನು ಅಂದಿರಬೇಕೆಂದು ಆಗ ತಿಳಿಯಿತು. ನಾನು ಹಿಟ್ಟಿನ ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ನಿಮ್ಮ ಮನೆಯವರಿಗೆ ಅರ್ಧ ಮಾತ್ರ ಗೊತ್ತಿರುವುದರಿಂದ ಮೊದಲಿನಿಂದ ಬರೆಯುತ್ತೇನೆ. ಬಬಲೇಶ್ವರದ ಬಸಗೊಂಡಪ್ಪನವರು ಪುಣೆಯ ಮಿಲಿಟರಿ ಲಿಲಾವಿನಲ್ಲಿ ಒಂದು ಹಳೆಯ ಇಂಜಿನ್ ಹಿಡಿದಿದ್ದರು. ದೋಣಿಯ ಹಿಂಬದಿಗೆ ತೂಗುಹಾಕುವಂಥದ್ದು. ಕೃಷ್ಣಾ ಹೊಳೆಯಲ್ಲಿ ಅವರ ದೋಣಿ ಅದರಿಂದಲೇ ನಡೆಯುತ್ತಿತ್ತು. ಅದರ ಉಸ್ತುವಾರಿ ನನ್ನದು. ಇಂಥ ಇಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಕೊಡಬೇಕು. ಆಗಸ್ಟಿನಲ್ಲಿ ಊರಿನ ಯಾವ ಅಂಗಡಿಯಲ್ಲೂ ಇಂಜಿನ್ ಎಣ್ಣೆ ಸಿಗಲಿಲ್ಲ. ಕೆಲವು ಇಂಜಿನ್ನುಗಳು ಔಡಲೆಣ್ಣೆಯ ಮೇಲೆ ನಡೆಯುತ್ತವೆಂದು ಕೇಳಿದ್ದೆ. ಔಡಲೆಣ್ಣೆ ನಡೆದರೆ ಕುಸುಬೆ ಎಣ್ಣೆ ಯಾಕೆ ನಡೆಯಬಾರದು ಎಂದುಕೊಂಡು ಅಡಿಗೆಮನೆಯ ಡಬ್ಬಿ ಕೇಳಿದೆ.

ಆಗ ನೀನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. ‘ಕುಸುಬಿ ಎಣ್ಣಿ ಕಾದರ ಅಂಟ ಆಗತೈತ್ರಿ. ನಮ್ಮಪ್ಪ ಅದನ್ನ ಕಾಸಿ ಬಾವಿ ತೊಗಲಚೀಲಕ್ಕ ಬಳೀತಿದ್ದ, ನೀರ ಸೋರಬಾರದಂತ. ಇಂಜಿನ್ನಿಗೆ ಹಾಕಬ್ಯಾಡ್ರಿ.’

‘ನಿಮ್ಮಪ್ಪ ಮಿಸ್ತ್ರಿ ಏನ?’ ಎಂದೆ. ನೀನು ಡಬ್ಬಿ ಕೊಟ್ಟು ಒಳಗೆ ಹೋದೆ.

ಮೂರು ವಾರ ಇಂಜಿನ್ ನಡೆಯಿತು. ನಾಲ್ಕನೆಯ ವಾರ, ಹೊಳೆ ತುಂಬಿ ಬಂದ ದಿನ, ನಟ್ಟನಡುವೆ ಸೋತು ನಿಂತಿತು. ದೋಣಿ ಒಂದು ಮೈಲು ತೇಲಿಹೋಗಿ ದಂಡೆಯ ಜಾಲಿ ಕಂಟಿಗೆ ಸಿಕ್ಕಿಕೊಂಡಿತು. ಒಳಗಿದ್ದ ಹನ್ನೊಂದು ಮಂದಿಯಲ್ಲಿ ಒಬ್ಬಳು ಹಸಿ ಬಾಣಂತಿ. ಎಲ್ಲರೂ ಉಳಿದರು.

ಬಸಗೊಂಡಪ್ಪನವರು ಇಂಜಿನ್ನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ನಮ್ಮ ಬಾಗಿಲಿಗೇ ಬಂದರು. ಪೆಟ್ರೋಲಿನ ಡಬ್ಬಿ ಮೂಸಿ ನೋಡಿ, ಇದೇನು ಅಡಿಗೆ ಎಣ್ಣೆಯ ವಾಸನೆ ಎಂದು ಕೇಳಿದರು. ಮನೆಯಾಕೆ ತಪ್ಪಿ ಡಬ್ಬಿ ಬದಲು ಮಾಡಿದಳು ಎಂದುಬಿಟ್ಟೆ. ನೀನು ಚಹಾ ತಂದು ಹೊಸ್ತಿಲಲ್ಲಿ ನಿಂತಿದ್ದೆ. ನನ್ನ ಮುಖ ಒಮ್ಮೆ ನೋಡಿದೆ. ಆಮೇಲೆ ಅವರ ಕಡೆ ತಿರುಗಿ, ‘ಹೌದ್ರಿ ಯಪ್ಪಾ, ನನ್ನ ಕೈಲೆ ತಪ್ಪಾಗೇತ್ರಿ’ ಎಂದೆ.

ಸಿದ್ದರಾಯರೇ, ನಿಮ್ಮ ತಂಗಿ ಡಬ್ಬಿ ಬದಲು ಮಾಡಲಿಲ್ಲ. ಎಣ್ಣೆ ಬೆರೆಸಿದವನು ನಾನು.

ನೀನು ಹೋದ ಮೇಲೆ ಇಂಜಿನ್ ಬಿಚ್ಚಲು ಮನಸ್ಸಾಗದೆ ಗುಡುಸಾಬ ಮಿಸ್ತ್ರಿಯವರನ್ನು ಕರೆದೆ. ನನಗೆ ಪಾನಾ ಹಿಡಿದು ನಟ್ಟು ತಿರುಗಿಸುವುದನ್ನು ಕಲಿಸಿದವರು ಅವರೇ. ಹಗ್ಗ ಎಳೆದು ನೋಡಿ, ದಮ್ಮಿಲ್ಲ ಎಂದರು. ಕೈಗೆ ಎದುರು ಒತ್ತಡವೇ ಸಿಗುತ್ತಿರಲಿಲ್ಲ. ನಾನು ಬಿಚ್ಚಲು ಹೋದರೆ ತಡೆದರು. ಮೊದಲು ಎಲ್ಲಿ ಸೋರುತ್ತದೆ ತಿಳಿದುಕೋ ಎಂದರು. ಪ್ಲಗ್ಗು ತೆಗೆದು ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಹಗ್ಗ ಎಳೆದೆವು. ಬೆರಳನ್ನು ಚಿಮ್ಮಿಸಬೇಕಾದ ಗಾಳಿ ಸುಮ್ಮನೆ ಸವರಿ ಹೋಯಿತು. ಇಂಜಿನ್ನಿನ ತಲೆಯ ಜೋಡಣೆಯ ಸುತ್ತ ಸಬಕಾರದ ನೊರೆ ಹಚ್ಚಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಕಡೆಗೆ ತೂತಿನೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಎಳೆದಾಗ ಬೆರಳು ಚಿಮ್ಮಿತು. ಅಂದರೆ ಸೋರಿಕೆ ಪಿಸ್ಟನ್ನಿನ ರಿಂಗಿನಲ್ಲಿ.

ಬಿಚ್ಚಿದರೆ ರಿಂಗುಗಳು ಪಿಸ್ಟನ್ನಿನ ತೋಡುಗಳೊಳಗೇ ಅಂಟಿ ಕೂತಿದ್ದವು. ಸುತ್ತ ಬೆಲ್ಲದ ಪಾಕದಂಥ ಕಂದು ಅಂಟು. ಗುಡುಸಾಬರು ಅದನ್ನು ಉಗುರಿನಿಂದ ಕೆರೆದು ಮೂಸಿದರು.

‘ಒಂದ ಸಲ ಡಬ್ಬಿ ಬದಲ ಆದರ ಇಷ್ಟ ಕಟ್ಟೂದಿಲ್ಲೋ ಗುರಲಿಂಗ,’ ಎಂದರು. ‘ಇದು ವಾರಗಟ್ಟಲೆ ಕುಡದದ್ದು.’

ಅಷ್ಟೇ. ಟೊಪ್ಪಿಗೆ ಹಾಕಿಕೊಂಡು ಎದ್ದು ಹೋದರು. ಕರೆದರೂ ಚಹಾಕ್ಕೆ ನಿಲ್ಲಲಿಲ್ಲ.

ಮುಂದಿನದನ್ನು ಒಬ್ಬನೇ ಮಾಡಿದೆ. ಪಿಸ್ಟನ್ನನ್ನು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಗಡಿನ ತೆಳು ಪಟ್ಟಿ ತೂರಿಸಿ ರಿಂಗುಗಳನ್ನು ಎಬ್ಬಿಸಿದೆ. ಒಂದು ಮುರಿಯಿತು, ಸೋಲಾಪುರದಿಂದ ಬೇರೆ ತರಿಸಿದೆ. ಮುರಿದ ತುಂಡಿನಿಂದಲೇ ತೋಡುಗಳ ಅಂಟು ಕೆರೆದೆ. ಸಿಲಿಂಡರಿನ ಗೋಡೆಗೆ ಗೀರು ಬಿದ್ದಿರಲಿಲ್ಲ. ಜೋಡಿಸಿ, ನೀರಿನ ಪೀಪಾಯಿಯಲ್ಲಿ ನಿಲ್ಲಿಸಿ ಹಗ್ಗ ಎಳೆದರೆ ಎರಡನೆಯ ಎಳೆತಕ್ಕೆ ಹತ್ತಿತು. ಕಳೆದ ರವಿವಾರ ಅದನ್ನು ಬಬಲೇಶ್ವರಕ್ಕೆ ಒಯ್ದು, ಬಸಗೊಂಡಪ್ಪನವರನ್ನು ಕಂಡು ಒಪ್ಪಿಸಿ ಬಂದೆ.

ಈ ಸಲ ದಸರೆಗೆ ಬನ್ನಿ ಕೊಡಲು ನೀನು ಮನೆಯಲ್ಲಿರಲಿಲ್ಲ. ನೀನು ಬರಬೇಕು. ಅತ್ತೆಯವರಿಗೆ ನನ್ನ ಶರಣು. ನಿನಗೆ ಆಯುಷ್ಯ, ಆರೋಗ್ಯ ಇರಲಿ.

ಇತಿ,
ಗುರಲಿಂಗಪ್ಪ

ತಾ. ಕ. — ‘ಒಪ್ಪಿಸಿ ಬಂದೆ’ ಎಂದು ಮೇಲೆ ಬರೆದಿದ್ದೇನೆ. ಬಸಗೊಂಡಪ್ಪನವರಿಗೆ ನಿಜ ಹೇಳಿ ಬಂದೆನೆಂದು ನೀನು ತಿಳಿಯಲೆಂದೇ ಆ ಸಾಲನ್ನು ಹಾಗೆ ಬರೆದೆ. ನಾನು ಹೇಳಲಿಲ್ಲ. ಹೇಳಲೆಂದೇ ಹೋಗಿದ್ದೆ. ಅಂಗಳದಲ್ಲಿ ಐದಾರು ಮಂದಿ ಸೇರಿದ್ದರು. ಇಂಜಿನ್ ಹತ್ತಿದ ಕೂಡಲೆ ಬಸಗೊಂಡಪ್ಪನವರು ನನ್ನ ಬೆನ್ನು ತಟ್ಟಿ, ‘ಇನ್ನ ಎಣ್ಣಿ ಡಬ್ಬಿಗೆ ಕೀಲಿ ಹಾಕಿಡಪಾ, ಹೆಣ್ಣಮಕ್ಕಳ ಕೈಗೆ ಸಿಗಬಾರದು’ ಎಂದರು. ಎಲ್ಲರೂ ನಕ್ಕರು. ಮುರಿಗೆವ್ವ, ನಾನೂ ನಕ್ಕೆ.

ಶನಿವಾರ ಮತ್ತೆ ಬಬಲೇಶ್ವರಕ್ಕೆ ಹೋಗುತ್ತೇನೆ. ಅದೇ ಮಂದಿಯ ಮುಂದೆ ಹೇಳಲು ಸಾಧ್ಯವಾದರೆ, ಸೋಮವಾರ ಟಿಕೋಟೆಗೆ ಬಂದಿಳಿದು ಅಲ್ಲಿಂದ ನಡೆದು ನಿಮ್ಮ ಮನೆಗೆ ಬರುತ್ತೇನೆ. ಸೋಮವಾರ ಸಂಜೆಯೊಳಗೆ ನಾನು ಬರದಿದ್ದರೆ ಹೇಳಲಾಗಲಿಲ್ಲ ಎಂದು ತಿಳಿ. ಆಮೇಲೆ ನಾನು ಎಷ್ಟು ಕಾಗದ ಬರೆದರೂ ನೀನು ಬರಬೇಡ.