ಪಕ್ಕದಲ್ಲೇ ನಿಂತಿದ್ದವಳು

ನಜ್ವಾನ್,

ನಾವಿಬ್ಬರೂ ಓದಿದ ಕೈರೋದ ವಿಶ್ವವಿದ್ಯಾಲಯದಲ್ಲೇ ನಾನೀಗ ಕಿರುಕುಳ ತಡೆ ಸಮಿತಿಯಲ್ಲಿದ್ದೇನೆ. ಇಂದು ಶಾಹಿನಾಜ್ ಎಂಬ ವಿದ್ಯಾರ್ಥಿನಿ ಸಹಪಾಠಿಯ ಮೇಲೆ ದೂರು ತಂದಿದ್ದಳು. ಕಣ್ಣಾರೆ ಕಂಡ ಒಬ್ಬರಾದರೂ ಹೇಳದಿದ್ದರೆ ಅದು ಕಿರುಕುಳವಲ್ಲ ಎನ್ನುತ್ತದೆ ನಮ್ಮ ನಿಯಮ. ಆ ಸಾಲು ಸೇರಿಸಿದವಳು ನಾನು. ಅವಳ ಗೆಳತಿಯನ್ನು ಕರೆಸಿದೆವು.

“ನಾನೇನೂ ನೋಡ್ಲಿಲ್ಲ ಮೇಡಂ,” ಎಂದಳು, ಚಪ್ಪಲಿ ನೋಡುತ್ತ.

“ಪಕ್ಕದಲ್ಲೇ ನಿಂತಿದ್ದೆಯಲ್ಲೇ,” ಎಂದು ಶಾಹಿನಾಜ್ ಅವಳ ತೋಳು ಹಿಡಿದಳು.

“ಬಿಡು ಮಗಳೇ, ತಮಾಷೆ ಮಾಡಿರ್ತಾನೆ. ಹುಡುಗನ ಭವಿಷ್ಯ ಹಾಳಾಗ್ಬೇಕಾ?” ಎಂದು ಅಧ್ಯಕ್ಷರು ಚಹಾ ಹೀರಿದರು.

ಇಪ್ಪತ್ಮೂರು ವರ್ಷದ ಹಿಂದೆ ಅದೇ ಕೋಣೆಗೆ ನೀನು ದೂರು ತಂದಾಗ ಹಿಡಿದದ್ದು ನನ್ನ ತೋಳನ್ನು. ನಾನೂ ‘ಏನೂ ನೋಡ್ಲಿಲ್ಲ’ ಎಂದಷ್ಟೇ ಹೇಳಿದ್ದೆ.

‘ದೂರು ವಜಾ’ ಎಂದು ಬರೆದು ಸಹಿ ಹಾಕಿದೆ. ಹೊರಗೆ ಆ ಗೆಳತಿ ನನ್ನ ಬಳಿ ಬಂದು, “ನೀವು ಜಾಸ್ತಿ ಕೇಳ್ಲಿಲ್ಲ, ಥ್ಯಾಂಕ್ಸ್ ಮೇಡಂ,” ಎಂದಳು.