ನೀರು ಹೆಚ್ಚಾದ ಹಿತ್ತಿಲು

ಹಿತ್ತಿಲ ಮೆಟ್ಟಿಲಿನಿಂದ,
ಸೋಮವಾರ, ಮಾರ್ಚ್ 10

ಪ್ರೀತಿಯ ಕುಳ್ಳಿ,

ನೀನು ನನಗಿಂತ ಎರಡು ಅಂಗುಲ ಎತ್ತರ ಬೆಳೆದು ಹತ್ತು ವರ್ಷವಾಯಿತು. ಮೂವತ್ತೊಂದು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವನು ಸ್ವಂತ ಮಗಳ ಅಳತೆಯನ್ನು ಇನ್ನೂ ತಿದ್ದಿಕೊಂಡಿಲ್ಲವೆಂದರೆ ಇಲಾಖೆಗೇ ಅವಮಾನ. ಇರಲಿ, ಕರೆದು ರೂಢಿಯಾದ ಹೆಸರು. ಹೇಗಿದ್ದೀಯ? ನಿದ್ದೆ ಬರುತ್ತಿದೆಯೇ? ಹೊಸ ಲ್ಯಾಬಿನಲ್ಲಿ ಕೂರಲು ಬೆನ್ನಿರುವ ಕುರ್ಚಿ ಕೊಟ್ಟಿದ್ದಾರೋ, ಇಲ್ಲಾ ಹಳೆಯ ಲ್ಯಾಬಿನ ಹಾಗೆ ಹನ್ನೆರಡು ಗಂಟೆ ಸ್ಟೂಲಿನ ಮೇಲೇ ತಪಸ್ಸೋ? ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅಮ್ಮ ಮಾಡಿದರೆ ‘ಊಟ ಆಯ್ತು, ಚೆನ್ನಾಗಿದ್ದೀನಿ, ಇಡ್ತೀನಿ’ ಎಂದು ಮೂರು ಮಾತಿಗೆ ಮಂಗಳ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ, ಹೆಚ್ಚೆಂದರೆ ಹರಿಯಬಹುದು. ಹರಿಯುವ ಮುಂಚೆ ಒಂದು ಸಲ ಓದಿಬಿಡು. ನಾವಿಬ್ಬರೂ ಆರೋಗ್ಯ. ನನ್ನ ಮಂಡಿಗಳು ಕೂತರೆ ಏಳಲು, ಎದ್ದರೆ ಕೂರಲು ತಕರಾರು ತೆಗೆಯುತ್ತವೆ, ಅಷ್ಟೇ.

ಈಗ ಸುದ್ದಿ. ಸುತ್ತಿ ಬಳಸಿ ಹೇಳುವ ಚಟ ನನಗಿದ್ದರೂ ಇದನ್ನು ನೇರವಾಗಿ ಹೇಳುತ್ತೇನೆ. ನೀನು ಮಾಡಿಟ್ಟು ಹೋದ ಕೈತೋಟ ಸತ್ತುಹೋಗಿದೆ. ಟೊಮೆಟೊ ಹನ್ನೆರಡಕ್ಕೆ ಹನ್ನೆರಡೂ ಹೋದವು. ಬದನೆ, ಹುರುಳಿಕಾಯಿ ಬಳ್ಳಿ, ಕೊತ್ತಂಬರಿಯ ಮಡಿ ಎಲ್ಲಾ ಹೋದವು. ಕೊಂದವರು ಯಾರು ಎಂಬುದರ ತನಿಖೆ ಮುಗಿದಿದೆ. ತನಿಖಾಧಿಕಾರಿಯೂ ನಾನೇ, ಆರೋಪಿಯೂ ನಾನೇ. ಸಹ ಆರೋಪಿ ಈಗ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ.

ನೀನು ಹೋದ ದಿನ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ನಮ್ಮಿಬ್ಬರ ಮುಖವನ್ನೂ ನೋಡದೆ, ‘ಗಿಡಗಳನ್ನ ನೋಡ್ಕೊಳ್ಳಿ’ ಅಂದೆಯಲ್ಲ. ಅವತ್ತಿಗಾಗಲೇ ನಿನ್ನ ಅಮ್ಮ ನನ್ನ ಜೊತೆ ಮಾತು ಬಿಟ್ಟು ನಾಲ್ಕು ದಿನವಾಗಿತ್ತು. ಯಾಕೆ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು, ಮುಂದೆ ಹೇಳುತ್ತೇನೆ. ಆಮೇಲೆ ಈ ಮನೆಯಲ್ಲಿ ಮಾತನಾಡಿದ್ದು ಪಾತ್ರೆಗಳು ಮಾತ್ರ. ತಟ್ಟೆ ಇಡುವ ಸದ್ದಿನಲ್ಲೇ ಅವಳ ಅಭಿಪ್ರಾಯ ನನಗೆ ತಲುಪುತ್ತಿತ್ತು. ಲೋಟ ಕುಕ್ಕಿದರೆ ಕಾಫಿ ಬಂದಿದೆ ಎಂದರ್ಥ, ಎರಡು ಸಲ ಕುಕ್ಕಿದರೆ ನಾನು ಬಂದದ್ದು ತಡವಾಯಿತು ಎಂದರ್ಥ. ಹೀಗಿರುವಾಗ ಗಿಡಕ್ಕೆ ನೀರು ಹಾಕುವವರು ಯಾರು ಎಂದು ಯಾರು ಯಾರನ್ನು ಕೇಳುವುದು? ‘ಇವಳಿಗೆ ಮನೆ ಕೆಲಸವೇ ಸಾಕಾಗಿದೆ, ಹಿತ್ತಿಲ ಕಡೆ ತಿರುಗಿಯೂ ನೋಡಲ್ಲ’ ಎಂದುಕೊಂಡು, ಅವಳು ಸ್ನಾನಕ್ಕೆ ಹೋದಾಗ ನಾನು ಬೆಳಿಗ್ಗೆ ಗಿಡಕ್ಕೆ ಅರ್ಧ ಬಿಂದಿಗೆಯಂತೆ, ಇಲಾಖೆಯ ಶಿಸ್ತಿನಲ್ಲಿ, ಒಂದು ಹನಿ ಕಡಿಮೆಯಾಗದಂತೆ ಹಾಕಿದೆ. ‘ಈ ಮನುಷ್ಯನಿಗೆ ಜೋಕು ಹೊಡೆಯೋದು ಬಿಟ್ಟರೆ ಇನ್ನೇನು ಗೊತ್ತು’ ಎಂದುಕೊಂಡು, ನಾನು ಸಂಜೆ ವಾಕಿಂಗ್ ಹೋದಾಗ ಅವಳು ಹಾಕಿದಳು. ನಾನು ನೋಡದಂತೆ ಅವಳು, ಅವಳು ನೋಡದಂತೆ ನಾನು. ಹದಿನೈದು ದಿನಕ್ಕೆ ಎಲೆ ಹಳದಿಯಾಯಿತು. ಪಾಪ, ಬಾಯಾರಿದೆ ಅಂತ ನಾನು ಅರ್ಧ ಬಿಂದಿಗೆಯನ್ನು ಮುಕ್ಕಾಲು ಮಾಡಿದೆ. ಪಾಪ, ಬಾಯಾರಿದೆ ಅಂತ ಅವಳು ತರಕಾರಿ ತೊಳೆದ ನೀರನ್ನೂ ಸೇರಿಸಿದಳು.

ಹೋದ ತಿಂಗಳ ಕೊನೆಯ ಸೋಮವಾರ ಒಂದು ಹಳದಿ ಎಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಮನೆಯಲ್ಲಿ ಹೇಳದೆ ನರ್ಸರಿಗೆ ಹೋದೆ. ನೀನು ಸಸಿ ತರುತ್ತಿದ್ದೆಯಲ್ಲ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಆ ಮನುಷ್ಯ, ಅವನ ಹತ್ತಿರ. ಅವನು ಎಲೆ ನೋಡಿದ, ನನ್ನನ್ನು ನೋಡಿದ, ಮತ್ತೆ ಎಲೆ ನೋಡಿದ. ‘ಶನಿವಾರ ಒಬ್ಬರು ಅಮ್ಮ ಬಂದಿದ್ರು ಸಾರ್. ಇದೇ ಎಲೆ, ಇದೇ ಥರ ಕವರು. ಅವರೂ ಹೀಗೇ, ನಾನು ಸ್ವಲ್ಪಾನೇ ನೀರು ಹಾಕ್ತೀನಿ ಅಂದ್ರು. ನಿಮ್ಮನೆಯವರೇನಾ?’ ನಾನು ಎಲೆಯನ್ನು ಮತ್ತೆ ಕವರಿನೊಳಗೆ ಹಾಕಿದೆ. ಆಮೇಲೆ ಅವನು ಹೇಳಿದ, ‘ಒಣಗಿ ಸತ್ತ ಗಿಡ ನಾನು ವರ್ಷಕ್ಕೆ ನಾಲ್ಕು ನೋಡ್ತೀನಿ ಸಾರ್. ಮುಳುಗಿ ಸತ್ತಿದ್ದು ವಾರಕ್ಕೆ ನಾಲ್ಕು. ಹೊಸಬರೆಲ್ಲಾ ಪ್ರೀತಿ ಮಾಡೋದು ಬಿಂದಿಗೇಲೇ.’ ನನ್ನ ಇಡೀ ಸರ್ವಿಸಿನಲ್ಲಿ ಕಡಿಮೆ ತೂಗಿದವರನ್ನು ಹಿಡಿದಿದ್ದೇನೆ, ಕುಳ್ಳಿ. ಜಾಸ್ತಿ ಸುರಿದವರನ್ನು ಹಿಡಿಯುವ ಕಾನೂನು ನಮ್ಮ ಇಲಾಖೆಯಲ್ಲಿ ಇರಲೇ ಇಲ್ಲ.

ಮನೆಗೆ ಬಂದವನೇ ಹಿತ್ತಿಲಿಗೆ ಹೋಗಿ ಒಂದು ಟೊಮೆಟೊ ಗಿಡ ಕಿತ್ತೆ. ಕೀಳುವುದೇನು, ಕೈಗೇ ಬಂತು. ಬೇರು ಕಪ್ಪಗೆ, ನೆನೆದ ದಾರದಂತೆ, ಕೊಳೆತ ವಾಸನೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ‘ನೀವೂನಾ?’ ಅಂದಳು. ‘ನೀನೂನಾ?’ ಅಂದೆ. ಒಂದೂವರೆ ತಿಂಗಳಲ್ಲಿ ನಾವು ಆಡಿದ ಮೊದಲ ಮಾತು ಅದು. ಆಮೇಲೆ ಅವಳು ಕಾಲು ಗಂಟೆ ನನ್ನನ್ನು ಬೈದಳು. ಬಡ್ಡಿ ಸಮೇತ ಬೈದಳು. ಕೊನೆಗೆ ಕೈಯಲ್ಲಿದ್ದ ಗಿಡವನ್ನು ಕಸಿದುಕೊಂಡು, ‘ಮಗು ಇದ್ದಾಗ ಒಂದು ಒಳ್ಳೇ ಮಾತು ಹಾಕಲಿಲ್ಲ, ಹೋದ ಮೇಲೆ ಬಿಂದಿಗೆಗಟ್ಟಲೆ ನೀರು ಹಾಕ್ತಾರಂತೆ’ ಎಂದು ಅಲ್ಲೇ ಒದ್ದೆ ಮಣ್ಣಿನ ಮೇಲೆ ಕೂತು ಅತ್ತಳು. ನನಗೆ ಹೇಳಲು ಒಂದು ಜೋಕೂ ಹೊಳೆಯಲಿಲ್ಲ.

ಆ ಮಾತಿಗೆ ಬರುತ್ತೇನೆ. ನಿದ್ದೆ ಕೆಟ್ಟು, ಆ ಹಳೆಯ ಲ್ಯಾಬಿನ ಕೆಲಸ ಬಿಟ್ಟು ನೀನು ಬಂದಾಗ ನಾನು ಏನೂ ಕೇಳಲಿಲ್ಲ. ಕೇಳದೇ ಇರುವುದೇ ದೊಡ್ಡತನ ಅಂದುಕೊಂಡಿದ್ದೆ. ನೀನು ಹಿತ್ತಿಲಲ್ಲಿದ್ದ ಒಡೆದ ಟ್ಯಾಂಕು, ಇಟ್ಟಿಗೆ ಚೂರು, ನನ್ನ ಹಳೆಯ ಸೈಕಲ್ಲಿನ ಎಲುಬುಗಳನ್ನೆಲ್ಲಾ ಎತ್ತಿ ಹಾಕಿದೆ. ಒಂದು ವಾರ ಏನೂ ನೆಡದೆ, ಬಿಸಿಲು ಎಲ್ಲಿ ಎಷ್ಟು ಹೊತ್ತು ಬೀಳುತ್ತದೆ ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮಣ್ಣು ಅಗೆದೆ, ಹೆಂಟೆ ಒಡೆದೆ, ಡ್ರಮ್ಮಿನಲ್ಲಿ ಸಿಪ್ಪೆ-ತರಗೆಲೆ ಹಾಕಿ ಕೊಳೆಸಿದೆ. ಮೂರು ತಿಂಗಳಿಗೆ ಗಿಡಗಳು ಹೂ ಬಿಟ್ಟವು, ನಿನಗೆ ನಿದ್ದೆ ಬರತೊಡಗಿತು. ನಾನು ಮಾತ್ರ ಕಿಟಕಿಯಲ್ಲಿ ಕೂತು ಪೇಪರ್ ಓದಿದೆ. ಆ ದಿನ ನನ್ನ ಹಳೆಯ ಸಹೋದ್ಯೋಗಿ ಬಂದು ‘ಮಗಳು ಏನ್ಮಾಡ್ತಿದ್ದಾಳೆ?’ ಅಂದಾಗ, ನಾನು ಕಾಲ ಮೇಲೆ ಕಾಲು ಹಾಕಿಕೊಂಡು, ‘ಅಷ್ಟು ಓದಿಸಿದ್ದಕ್ಕೆ ಕೊನೆಗೆ ನಮ್ಮನೆ ಮಣ್ಣು ಹೊರೋಕೆ ಸೇರ್ಕೊಂಡಿದ್ದಾಳೆ ಕಣಯ್ಯಾ. ಸಂಬಳ ಇಲ್ಲ, ಎರಡು ಹೊತ್ತು ಊಟ’ ಅಂದೆ. ಅವನು ಗಹಗಹಿಸಿ ನಕ್ಕ. ಅವನು ನಕ್ಕದ್ದು ನನಗೆ ಖುಷಿಯಾಯಿತು. ಕಿಟಕಿಯಾಚೆ ನಿನ್ನ ಕೈಗಳು ನಿಂತದ್ದನ್ನು ನಾನು ನೋಡಿದೆ. ನೀನು ಒಳಗೆ ಬರಲಿಲ್ಲ. ಕೊಳಾಯಿಯ ಕೆಳಗೆ ಮಣ್ಣು ತೋಡುವ ಆ ಚಿಕ್ಕ ಸನಿಕೆಯನ್ನು ತೊಳೆದೆ, ತೊಳೆಯುತ್ತಲೇ ಇದ್ದೆ. ಅಮ್ಮ ನನ್ನ ಜೊತೆ ಮಾತು ಬಿಟ್ಟದ್ದು ಅವತ್ತೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಯಾರಿಗಾಗಿ ಹುಟ್ಟಿತೋ, ಅವನು ಆಗ ಈಸಿಚೇರಿನಲ್ಲಿ ಕೂತಿದ್ದ.

ಮೊನ್ನೆ ಆ ಸಹೋದ್ಯೋಗಿಯ ಮನೆಗೆ ಹೋಗಿದ್ದೆ. ‘ಅವತ್ತು ನೀನು ಕೇಳಿದ್ದಕ್ಕೆ ತಪ್ಪು ಉತ್ತರ ಕೊಟ್ಟಿದ್ದೆ. ನನ್ನ ಮಗಳು ಕಸದ ಗುಂಡಿಯನ್ನ ಮೂರು ತಿಂಗಳಲ್ಲಿ ತೋಟ ಮಾಡಿದ್ಲು. ನಾನು ಒಂದೂವರೆ ತಿಂಗಳಲ್ಲಿ ಕೆಸರು ಮಾಡಿದೆ’ ಅಂದೆ. ಇದೂ ಜೋಕೇ ಅಂದುಕೊಂಡು ಅವನು ನಕ್ಕ. ಅಷ್ಟು ವರ್ಷ ನಗಿಸಿದ್ದಕ್ಕೆ ಇದು ಶಿಕ್ಷೆ. ನಾನು ನಗದೆ ಕೂತೇ ಇದ್ದೆ. ಆಮೇಲೆ ಅವನೂ ನಿಲ್ಲಿಸಿದ.

ಈಗ ನಾವಿಬ್ಬರೂ ಒಂದನೇ ಕ್ಲಾಸಿಗೆ ಸೇರಿದ್ದೇವೆ. ಮಣ್ಣನ್ನು ಅಗೆದು ಹರವಿ ಒಣಗಿಸಿದ್ದೇವೆ. ನೀರು ಹೋಗಲು ಮಡಿಯ ಪಕ್ಕ ಕಾಲುವೆ ತೋಡಿದ್ದೇವೆ. ಎರಡು ಗೆಣ್ಣು ಬೆರಳು ಮಣ್ಣಿಗೆ ಚುಚ್ಚಿ, ಒಣಗಿದ್ದರೆ ಮಾತ್ರ ನೀರು. ಅದೂ ಬೆಳಿಗ್ಗೆ ಮಾತ್ರ, ಒಬ್ಬರು ಮಾತ್ರ, ಇನ್ನೊಬ್ಬರಿಗೆ ಹೇಳಿ. ಒಂದೇ ಸಲ ಹನ್ನೆರಡು ಬಗೆ ಹಾಕುವ ದುರಾಸೆ ಬೇಡ, ಕೊತ್ತಂಬರಿ ಮತ್ತು ಹುರುಳಿಕಾಯಿಯಿಂದ ಶುರು ಮಾಡಿ ಎಂದು ನರ್ಸರಿಯವನ ಅಪ್ಪಣೆ. ಬೀಜ ಹಾಕಿ ನಾಲ್ಕು ದಿನವಾಯಿತು, ಇನ್ನೂ ಏನೂ ಎದ್ದಿಲ್ಲ. ಅಮ್ಮ ದಿನಕ್ಕೆ ಹತ್ತು ಸಲ ಬಗ್ಗಿ ನೋಡುತ್ತಾಳೆ. ಹಾಂ, ಒಂದು ಮೆಣಸಿನ ಗಿಡ ಬದುಕಿದೆ. ಆ ಮೂಲೆಯ ಕಲ್ಲಿನ ಹಿಂದಿನದು. ಅಲ್ಲಿಗೆ ನನ್ನ ಮಂಡಿಯೂ ಬಗ್ಗುತ್ತಿರಲಿಲ್ಲ, ಅವಳ ಸೊಂಟವೂ ಬಗ್ಗುತ್ತಿರಲಿಲ್ಲ. ನಮ್ಮಿಬ್ಬರ ಪ್ರೀತಿ ತಲುಪದ ಜಾಗದಲ್ಲಿ ಅದು ಸೊಂಪಾಗಿದೆ.

ಚೆನ್ನಾಗಿ ತಿನ್ನು, ಹೊತ್ತಿಗೆ ಮಲಗು, ಕೆಲಸ ಹೆಚ್ಚಾದರೆ ಆಗಲ್ಲ ಅನ್ನು. ನೀನು ನೂರು ವರ್ಷ ಸುಖವಾಗಿರು. ಅಮ್ಮ ತನ್ನ ಆಶೀರ್ವಾದವನ್ನು ಪ್ರತ್ಯೇಕವಾಗಿ ಬರೆಯಬೇಕಂತೆ, ನನ್ನದರ ಜೊತೆ ಬೆರೆಸಬಾರದಂತೆ. ಇದೋ, ಪ್ರತ್ಯೇಕವಾಗಿ ಬರೆದಿದ್ದೇನೆ.

ಇಂತಿ ನಿನ್ನ,
ಅಪ್ಪ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗುರುವಾರ ಬೆಳಗಿನ ಬಸ್ಸಿಗೆ ನಿನ್ನ ಊರಿಗೆ ಬರುತ್ತಿದ್ದೇನೆ. ನಿನ್ನನ್ನು ಕರೆತರಲು ಅಲ್ಲ. ಕ್ಷಮಿಸು ಎಂಬ ಮಾತನ್ನು ಈ ಕಾಗದದಲ್ಲಿ ನಾನು ಎಲ್ಲೂ ಬರೆದಿಲ್ಲ. ‘ಬರೆದು ತಪ್ಪಿಸ್ಕೋಬೇಡಿ, ಮುಖ ನೋಡಿ ಕೇಳಿ’ ಅಂತ ಅಮ್ಮ ಹೇಳಿದ್ದಾಳೆ. ಅವಳು ಹೇಳದಿದ್ದರೂ ಬರುತ್ತಿದ್ದೆ ಎಂದು ಬರೆಯಬೇಕೆನಿಸುತ್ತದೆ, ನಿಜವೋ ಅಲ್ಲವೋ ಗೊತ್ತಿಲ್ಲ. ನಿನ್ನ ರೂಮಿಗೆ ಬರುವುದಿಲ್ಲ. ಹತ್ತೂವರೆಗೆ ಬಸ್ಸು ಇಳಿದು, ನಿಲ್ದಾಣದ ಬೆಂಚಿನ ಮೇಲೆ ಸಂಜೆ ಐದರ ಬಸ್ಸಿನ ತನಕ ಕೂತಿರುತ್ತೇನೆ. ಬರಬೇಕು ಅನ್ನಿಸಿದರೆ ಬಾ. ಅನ್ನಿಸದಿದ್ದರೆ ಮುಂದಿನ ಗುರುವಾರವೂ ಅದೇ ಬಸ್ಸಿಗೆ ಬರುತ್ತೇನೆ.