ಹೊಸ್ತಿಲಲ್ಲಿಟ್ಟ ತಂಬಿಗೆ

ಜಾಫ್ನಾದ ಆ ತಾಯಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಹಾಗಾಗಿ ಈ ಕಾಗದಕ್ಕೆ ವಿಳಾಸವೂ ಇಲ್ಲ. ನಾನು ಕೊಟ್ಟೂರೇಶ್. ಮೂವತ್ತೆಂಟು ವರ್ಷದ ಹಿಂದೆ ಬಂದೂಕು ಹಿಡಿದು ನಿಮ್ಮ ಮನೆ ಶೋಧಿಸಲು ಬಂದ ಭಾರತದ ಸಿಪಾಯಿಗಳಲ್ಲಿ ಒಬ್ಬ.

ಇವತ್ತು ಬೆಳಿಗ್ಗೆ ಹರಿಹರದ ಹತ್ತಿರ ಸಾರಥಿ ಎಂಬ ಹಳ್ಳಿಯಲ್ಲಿರುವ ನಮ್ಮ ಮನೆಗೆ ಮೊಮ್ಮಗಳು ಚೈತ್ರಾ ಬಂದಿದ್ದಳು. ದಾವಣಗೆರೆಯಲ್ಲಿ ಕಾನೂನು ಓದುತ್ತಾಳೆ. ನಮ್ಮ ಕಡೆಯ ರೂಢಿಯಂತೆ ಕಾಲಿಗೆ ನೀರೆಂದು ಬಾಗಿಲಲ್ಲಿ ತಂಬಿಗೆ ಇಟ್ಟೆ. ಕಾಲು ತೊಳೆಯುತ್ತಲೇ ಕೇಳಿದಳು.

“ಅಜ್ಜಾ, ಬ್ಯಾರೆ ದೇಶಕ್ಕೆ ಸೈನ್ಯ ಹೋಗೋದು ಯಾವಾಗ ಕಾನೂನುಬದ್ಧ ಅಂತ ನಾಳೆ ಕಾಲೇಜಿನಾಗೆ ಮಾತಾಡಬೇಕು. ನೀವೆಲ್ಲ ಹೆಂಗೆ ಹೋಗಿದ್ರಿ?”

“ಒಪ್ಪಂದ ಆಗಿತ್ತವ್ವಾ. ಅವರ ಸರ್ಕಾರನೇ ಕರೆದಿತ್ತು.”

“ಸರ್ಕಾರ ಕರೀತು. ಅಲ್ಲಿನ ಮನೆಯೋರು ಕರೆದಿದ್ರಾ?”

ಕರೆದಿರಲಿಲ್ಲ. ಆದರೂ ನೀವು ನಮ್ಮವ್ವನ ಹಾಗೆಯೇ ಹೊಸ್ತಿಲಲ್ಲಿ ನೀರಿಟ್ಟಿರಿ. ಅದು ಯಾತಕ್ಕೆಂದು ಗೊತ್ತಿದ್ದೂ ನಾನು ಬೂಟುಗಾಲಲ್ಲಿ ದಾಟಿ ಒಳಗೆ ಬಂದೆ. ಮನೆಯಲ್ಲಿ ಏನೂ ಸಿಗಲಿಲ್ಲ. ವಿಚಾರಣೆಗೆಂದು ನಿಮ್ಮ ಮಗನನ್ನು ಟ್ರಕ್ಕು ಹತ್ತಿಸಿದೆವು. ಸಂಜೆಗೆ ಬರುತ್ತಾನೆಂದು ಕೈಸನ್ನೆಯಲ್ಲಿ ಹೇಳಿದವನು ನಾನೇ. ನೀವು ನಂಬಿ ತಲೆಯಾಡಿಸಿದಿರಿ. ಮರುದಿನ ನಮ್ಮನ್ನು ಬೇರೆ ಊರಿಗೆ ಕಳಿಸಿದರು. ಅವನೇನಾದ ಎಂದು ಆಗಲೂ ಆಮೇಲೂ ನಾನು ಯಾರನ್ನೂ ಕೇಳಲಿಲ್ಲ.

ಟ್ರಕ್ಕು ಹೊರಟ ತನಕದ ಸಂಗತಿಯನ್ನು ಚೈತ್ರಾಳಿಗೆ ಹೇಳಿದೆ. ಬರೆದುಕೊಳ್ಳುತ್ತಿದ್ದವಳು ಪೆನ್ನು ನಿಲ್ಲಿಸಿ, “ಅವರ ಮಗ ಸಂಜೆಗೆ ಬಂದ್ನಾ, ಅಜ್ಜಾ?” ಅಂದಳು.

“ಬಂದ” ಅಂದೆ.

ಅವಳು ಅದನ್ನೂ ಬರೆದುಕೊಂಡಳು.